ಗುರುನಾನಕರ ಮಗ ಹಿಡಿದ ದಾರಿ: ಉದಾಸಿ ಸಾಧುಗಳು ಹಿಂದೂಗಳೋ, ಸಿಖ್ಖರೋ?

ಪ್ರಶ್ನೆ: 2025ರ ಕುಂಭಮೇಳಕ್ಕೆ ಹುಬ್ಬಳ್ಳಿಯಿಂದ ಮನೆಮಂದಿಯೆಲ್ಲ ಪ್ರಯಾಗರಾಜ್‌ಗೆ ಹೋಗಿದ್ದೆವು. ಅಲ್ಲಿ ‘ಉದಾಸೀನ ಅಖಾಡ’ ಎಂದು ಬೋರ್ಡ್ ಹಾಕಿದ್ದ ಒಂದು ಶಿಬಿರದ ಒಳಗೆ ಹೋದೆವು. ಜಟೆ ಬಿಟ್ಟು ಭಸ್ಮ ಬಳಿದುಕೊಂಡ ಸಾಧುಗಳಿದ್ದರು. ಒಂದು ಮೂರ್ತಿಗೆ ಆರತಿ ನಡೆದಿತ್ತು. ಯಾರ ಮೂರ್ತಿ ಎಂದು ಕೇಳಿದರೆ, ಗುರುನಾನಕರ ದೊಡ್ಡ ಮಗ ಶ್ರೀಚಂದರದ್ದು ಅಂದರು! ಬೀದರಿನ ನಾನಕ್ ಝಿರಾ ನಾನು ನೋಡಿದ್ದೇನೆ, ಅಲ್ಲಿ ಇಂಥದ್ದು ಏನೂ ಇಲ್ಲ. ಹಾಗಾದರೆ ಇವರು ಹಿಂದೂಗಳೋ, ಸಿಖ್ಖರೋ? ಏನನ್ನು ನಂಬುತ್ತಾರೆ? ಗ್ರಂಥ ಸಾಹಿಬ್ ಓದುತ್ತಾರಾ? ಇವರೂ ನಾಗಾ ಸಾಧುಗಳಾ? ಇವರ ಮಠಗಳಿಗೆ ನಮ್ಮಂಥವರು ಹೋಗಬಹುದಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು 1800ರಲ್ಲಿ ಒಬ್ಬ ಉದಾಸಿ (ಉದಾಸೀನ ಅಂದರೂ ಇದೇ ಪಂಥ) ಸಾಧುವಿಗೆ ಕೇಳಿದ್ದರೆ, ಇದೆಂಥ ಪ್ರಶ್ನೆ ಎಂದು ನಿಮ್ಮ ಮುಖ ನೋಡುತ್ತಿದ್ದ. 1925ರಲ್ಲಿ ಕೇಳಿದ್ದರೆ, ವಕೀಲರನ್ನು ವಿಚಾರಿಸಿ ಹೇಳ್ತೀನಿ ಅನ್ನುತ್ತಿದ್ದ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಈ ಎರಡು ಕಾಲದ ನಡುವೆ ಏನಾಯಿತು ಅನ್ನೋದೇ ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ.

ಇವತ್ತಿನ ಸ್ಥಿತಿ ಹೇಳಿಬಿಡುತ್ತೇನೆ. ಹರಿದ್ವಾರ, ಪ್ರಯಾಗದ ಉದಾಸೀನ ಅಖಾಡಗಳು ತಮ್ಮನ್ನು ಸನಾತನ ಧರ್ಮದ ಸಾಧುಗಳು ಎಂದೇ ಕರೆದುಕೊಳ್ಳುತ್ತವೆ. ಕುಂಭದ 13 ಅಖಾಡಗಳಲ್ಲಿ, ಅಂದರೆ ಸಾಧುಗಳ ಸಂಘಗಳಲ್ಲಿ, 7 ಶೈವ ಸನ್ಯಾಸಿಗಳದ್ದು, 3 ವೈಷ್ಣವ ಬೈರಾಗಿಗಳದ್ದು. ಉಳಿದ 3 ನಾನಕರ ಕಡೆಯಿಂದ ಬಂದವು: ಬಡಾ ಉದಾಸೀನ, ನಯಾ ಉದಾಸೀನ, ನಿರ್ಮಲ. ಪ್ರಯಾಗದ ದೊಡ್ಡ ಸ್ನಾನದ ದಿನ ಸನ್ಯಾಸಿಗಳು ಮತ್ತು ಬೈರಾಗಿಗಳದ್ದಾದ ಮೇಲೆ ಈ ಮೂವರ ಸರದಿ. ನಿರ್ಮಲರು ಕಟ್ಟಕಡೆಗೆ. ಹೆಚ್ಚಿನ ಜನ ಅಷ್ಟು ಹೊತ್ತಿಗೆ ದಡ ಬಿಟ್ಟು ಹೊರಟಿರುತ್ತಾರೆ. ಅದಕ್ಕೇ ಇವರ ಬಗ್ಗೆ ನಮ್ಮ ಕಡೆ ಗೊತ್ತಿರುವುದು ಕಡಿಮೆ.

ಆದರೆ ಈ ಉತ್ತರ ಅರ್ಧ ಮಾತ್ರ. ಇವರನ್ನು ಸಿಖ್ಖರಿಂದ ಮೊದಲು ಬೇರೆ ಮಾಡಿದ ವಿಷಯ ದೇವರಾಗಲಿ, ಗ್ರಂಥವಾಗಲಿ ಆಗಿರಲಿಲ್ಲ. ಅದು ಸಂಸಾರ. ಮನೆಯಲ್ಲಿದ್ದು, ದುಡಿದು, ಹೆಂಡತಿ ಮಕ್ಕಳನ್ನು ಸಾಕುತ್ತಾ ದೇವರನ್ನು ಕಾಣಬೇಕೋ, ಇದನ್ನೆಲ್ಲ ಬಿಟ್ಟು ಕಾಣಬೇಕೋ? ಈ ಜಗಳ ಶುರುವಾದದ್ದು ಗುರುನಾನಕರ ಮನೆಯೊಳಗೇ.

ನಾನಕರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಶ್ರೀಚಂದ್, ಹುಟ್ಟಿದ್ದು 1494ರಲ್ಲಿ, ಪಂಜಾಬಿನ ಸುಲ್ತಾನ್‌ಪುರ್ ಲೋಧಿಯಲ್ಲಿ. ಚಿಕ್ಕವನು ಲಖ್ಮಿದಾಸ್. ಚಿಕ್ಕವನು ಮದುವೆಯಾಗಿ ಸಂಸಾರಿಯಾದ. ದೊಡ್ಡವನು ಮದುವೆಯೇ ಬೇಡ ಎಂದ. ಅಪ್ಪ ಮಾತ್ರ ಹತ್ತಾರು ವರ್ಷ ದೇಶ ಸುತ್ತಿ ಬಂದು, ಕೊನೆಗೆ ರಾವಿ ನದಿಯ ದಡದ ಕರ್ತಾರ್‌ಪುರದಲ್ಲಿ ನೆಲೆ ನಿಂತು ಬೇಸಾಯ ಮಾಡಿದವರು. ಯೋಗಿಗಳನ್ನು ಕಂಡರೆ ನಾನಕರಿಗೆ ಕುತೂಹಲವೂ ಇತ್ತು, ಸಿಟ್ಟೂ ಇತ್ತು. ಸಿಖ್ಖರು ದಿನವೂ ಪಠಿಸುವ ನಾನಕರ ರಚನೆ ಜಪುಜಿಯ 28ನೇ ಪದ್ಯದಲ್ಲಿ ಯೋಗಿಗೆ ಅವರು ಹೇಳುವುದು ಇದು: ತೃಪ್ತಿಯನ್ನೇ ಕಿವಿಯ ಕುಂಡಲ ಮಾಡಿಕೋ, ಧ್ಯಾನವನ್ನೇ ಭಸ್ಮ ಮಾಡಿಕೋ. ಅಂದರೆ ನಿಜವಾದ ಭಸ್ಮ ಬಳಿದುಕೊಳ್ಳುವ ಅಗತ್ಯವಿಲ್ಲ ಅಂತ. ಮಗ ಆ ಭಸ್ಮವನ್ನೇ ಬಳಿದುಕೊಂಡ.

1539ರಲ್ಲಿ ನಾನಕರು ತಮ್ಮ ಗಾದಿಗೆ ಇಬ್ಬರು ಮಕ್ಕಳನ್ನೂ ಬಿಟ್ಟು ಶಿಷ್ಯ ಲೆಹಣಾ ಅವರನ್ನು ಆರಿಸಿದರು. ಅವರೇ ಎರಡನೇ ಗುರು ಅಂಗದ್. ಇದನ್ನು ಅಪ್ಪ ಮಗನಿಗೆ ಕೊಟ್ಟ ಶಿಕ್ಷೆ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಊರನ್ನು, ಅದರ ಹೊಲವನ್ನು, ಎಲ್ಲರಿಗೂ ಊಟ ಹಾಕುವ ಲಂಗರಿನ ಅಡುಗೆಯನ್ನು, ಬಂದು ಹೋಗುವ ಸಂಸಾರಸ್ಥರ ಗುಂಪನ್ನು ನೋಡಿಕೊಳ್ಳಲು ಒಬ್ಬ ಸಂಸಾರಿಯೇ ಬೇಕಿತ್ತು. ಶ್ರೀಚಂದರಿಗೆ ಅದರಲ್ಲಿ ಮನಸ್ಸಿರಲಿಲ್ಲ. ಅವರು ಅಪ್ಪನನ್ನು ತೊರೆಯಲೂ ಇಲ್ಲ. ನಾನಕರ ಸಮಾಧಿ ಮಂದಿರ ಕಟ್ಟಿಸಿದ್ದು ಬಾಲಬ್ರಹ್ಮಚಾರಿ ಶ್ರೀಚಂದರೇ ಎಂದು ಸಿಖ್ಖರು ತುಂಬ ಗೌರವಿಸುವ ಭಾಯಿ ಗುರುದಾಸರೇ ಬರೆದಿದ್ದಾರೆ. ಬರೆದದ್ದು ಮೆಚ್ಚಿ ಅಲ್ಲ, ಅದು ಬೇರೆ ಮಾತು.

ಮುಂದೆ ಮೂರನೇ ಗುರು ಅಮರದಾಸರು ಒಂದು ಗೆರೆ ಎಳೆದರು ಎಂದು ಸಿಖ್ ಪರಂಪರೆ ಹೇಳುತ್ತದೆ: ಸಂಸಾರ ಬಿಟ್ಟ ಉದಾಸಿಗಳು ಬೇರೆ, ದುಡಿದು ತಿನ್ನುವ ಸಿಖ್ಖರು ಬೇರೆ. ಗೆರೆ ಎಳೆದರೂ ಹೋಗಿಬರುವುದು ನಿಲ್ಲಲಿಲ್ಲ. ನಾಲ್ಕನೇ ಗುರು ರಾಮದಾಸರನ್ನು ನೋಡಲು ವಯಸ್ಸಾದ ಶ್ರೀಚಂದರು ಬಂದಿದ್ದರಂತೆ. ‘ಇಷ್ಟುದ್ದ ಗಡ್ಡ ಯಾಕೆ ಬಿಟ್ಟಿದ್ದೀರಿ?’ ಎಂದು ಕೆಣಕಿದರಂತೆ. ‘ನಿಮ್ಮಂಥವರ ಪಾದದ ಧೂಳು ಒರೆಸೋದಕ್ಕೆ’ ಎಂದರಂತೆ ರಾಮದಾಸರು. ಕತೆ ನಡೆದದ್ದೋ ಕಟ್ಟಿದ್ದೋ, ಎರಡೂ ಕಡೆಯವರು ಇದನ್ನು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ.

ಇನ್ನು ಅಚ್ಚರಿಯ ಸಂಗತಿ ಬಾಬಾ ಗುರುದಿತ್ತರದ್ದು. ಆರನೇ ಗುರು ಹರಗೋಬಿಂದರ ಹಿರಿಯ ಮಗ ಇವರು, ಹುಟ್ಟಿದ್ದು 1613ರಲ್ಲಿ. ಶ್ರೀಚಂದರು ಇವರನ್ನು ತಮಗೆ ಕೊಡಿ ಎಂದು ಕೇಳಿದರು, ಹರಗೋಬಿಂದರು ಕೊಟ್ಟರು. ಹೀಗೆ ಬ್ರಹ್ಮಚಾರಿಗಳ ಪಂಥಕ್ಕೆ ಎರಡನೇ ಮುಖ್ಯಸ್ಥರಾದವರು ಮದುವೆಯಾಗಿ ಮಕ್ಕಳಿದ್ದ ಮನುಷ್ಯ! ಅವರ ಒಬ್ಬ ಮಗ ಹರರಾಯರೇ ಸಿಖ್ಖರ ಏಳನೇ ಗುರು. ಉದಾಸಿಗಳ ನಾಯಕನ ಮಗ ಸಿಖ್ಖರ ಗುರು ಅಂದರೆ, ಆ ಕಾಲದಲ್ಲಿ ಬೇಲಿ ಎಷ್ಟು ತಗ್ಗಾಗಿತ್ತು ನೋಡಿ. ಗುರುದಿತ್ತರು 1638ರಲ್ಲಿ ಕಿರತ್‌ಪುರದಲ್ಲಿ ತೀರಿಕೊಂಡರು, ಇನ್ನೂ ಇಪ್ಪತ್ತೈದರ ಆಸುಪಾಸು. ಶ್ರೀಚಂದರೋ ನೂರು ದಾಟಿ ಬದುಕಿದವರು ಎಂದು ಸಂಪ್ರದಾಯ. 1629ರವರೆಗೆ ಇದ್ದರು ಅನ್ನುವವರು ಹೆಚ್ಚು. ಭಕ್ತರನ್ನು ಕೇಳಿದರೆ ಅವರು ಸಾಯಲೇ ಇಲ್ಲ, ಬಂಡೆಯೊಂದರ ಮೇಲೆ ಕೂತು ರಾವಿ ದಾಟಿ ಚಂಬಾ ಬೆಟ್ಟಗಳಲ್ಲಿ ಮರೆಯಾದರು ಅನ್ನುತ್ತಾರೆ.

ಪಂಥ ನಿಜವಾಗಿ ಹರಡಿದ್ದು ಗುರುದಿತ್ತರು ನೇಮಿಸಿದ ನಾಲ್ವರಿಂದ: ಅಲ್ಮಸ್ತ್, ಬಾಲು ಹಸ್ನಾ, ಗೋಇಂದ್, ಫೂಲ್. ಇವರ ನಾಲ್ಕು ಶಾಖೆಗಳಿಗೆ ‘ಧೂಆಂ’ ಎಂದು ಹೆಸರು, ಅಂದರೆ ನಾಲ್ಕು ಧೂನಿಗಳು, ಸಾಧುಗಳು ಉರಿಸಿಡುವ ಅಗ್ನಿಕುಂಡಗಳು. ಆಮೇಲಿನ ಸಿಖ್ ಗುರುಗಳು ಅಲ್ಲಲ್ಲಿ ಕೆಲವು ಸಾಧುಗಳನ್ನು ಹರಸಿ ಕಳಿಸಿದರು. ಅವರಿಂದ ಹುಟ್ಟಿದ ಶಾಖೆಗಳಿಗೆ ‘ಬಖ್ಶೀಶ್’ ಎನ್ನುತ್ತಾರೆ. ಅವುಗಳಲ್ಲಿ ಸುಥ್ರೇಶಾಹಿಗಳು ಅಂತ ಒಂದು ಗುಂಪು ಇದೆ. ಕೈಯಲ್ಲಿ ಎರಡು ಕೋಲು ಹಿಡಿದು ಬಡಿಯುತ್ತಾ, ಹಾಡುತ್ತಾ, ಅಂಗಡಿಯವರನ್ನು ಛೇಡಿಸುತ್ತಾ ಭಿಕ್ಷೆ ಎತ್ತುತ್ತಿದ್ದರು. ಪಂಜಾಬಿನ ನಗೆಕತೆಗಳಲ್ಲಿ ಇವರ ಮೂಲಪುರುಷ ಸುಥ್ರಾನದ್ದು ಪ್ರತ್ಯೇಕ ಜಾಗ.

ಈ ಸಾಧುಗಳು ಕಾಲಿಟ್ಟ ಊರುಗಳ ಪಟ್ಟಿ ದೊಡ್ಡದು. ಅಲ್ಮಸ್ತರು ಹಿಮಾಲಯದ ತಪ್ಪಲಿನ ನಾನಕಮತ್ತಾಕ್ಕೆ ಹೋಗಿ ಅಲ್ಲಿನ ನಾಥ ಯೋಗಿಗಳೊಡನೆ ಜಾಗಕ್ಕಾಗಿ ಹೋರಾಡಿದರು. ಢಾಕಾದ ನಾನಕಶಾಹಿ ಗುರುದ್ವಾರ, ಕಠ್ಮಂಡುವಿನ ಬಾಲಾಜುವಿನಲ್ಲಿರುವ ನಾನಕ ಮಠ, ಪುರಿ ಜಗನ್ನಾಥ ದೇವಸ್ಥಾನದ ಪಕ್ಕದ ಮಂಗು ಮಠ, ಇವೆಲ್ಲ ಉದಾಸಿಗಳು ನಡೆಸಿಕೊಂಡು ಬಂದ ಜಾಗಗಳು. 2019ರಲ್ಲಿ ಪುರಿ ದೇವಸ್ಥಾನದ ಸುತ್ತ ಕಟ್ಟಡ ತೆರವು ಮಾಡುವಾಗ ಮಂಗು ಮಠದ ವಿಷಯಕ್ಕೆ ಸಿಖ್ಖರು ದನಿ ಎತ್ತಿದ್ದು ಇದೇ ಕಾರಣಕ್ಕೆ. ಪಂಜಾಬಿನ ಹೊರಗೆ ನಾನಕರ ಹೆಸರನ್ನು ಉಳಿಸಿದವರಲ್ಲಿ ಮನೆಯಿಲ್ಲದ ಈ ಅಲೆಮಾರಿಗಳೇ ಜಾಸ್ತಿ. ಸಂಸಾರಸ್ಥರು ಹೊಲ, ಅಂಗಡಿ ಬಿಟ್ಟು ಅಷ್ಟು ದೂರ ಹೋಗಿ ಕೂರೋಕಾಗುತ್ತಾ?

ಈಗ ನಂಬಿಕೆಯ ವಿಷಯ.

ಗ್ರಂಥ ಸಾಹಿಬ್ ಓದುತ್ತಾರಾ ಎಂದು ಕೇಳಿದಿರಿ. ಹೌದು, ಓದುತ್ತಾರೆ. ಹಳೆಯ ಉದಾಸಿ ಡೇರಾಗಳಲ್ಲಿ, ಅಂದರೆ ಮಠಗಳಲ್ಲಿ, ಅದು ಇದ್ದೇ ಇತ್ತು, ಬಹಳಷ್ಟು ಕಡೆ ಈಗಲೂ ಇದೆ. ವ್ಯತ್ಯಾಸ ಇರುವುದು ಎರಡು ಕಡೆ. ಸಿಖ್ಖರಿಗೆ ಗ್ರಂಥವೇ ಗುರು, ಅದರ ಪಕ್ಕದಲ್ಲಿ ಇನ್ನೊಂದು ಪೂಜಾವಸ್ತು ಕೂಡದು. ಉದಾಸಿಗೆ ಗ್ರಂಥ ಪವಿತ್ರ ವಾಣಿ. ಅದರ ಜೊತೆಗೆ ಶ್ರೀಚಂದರ ಮೂರ್ತಿ ಇರಬಹುದು, ಗಣಪತಿ, ಶಿವ, ವಿಷ್ಣು, ಸೂರ್ಯ, ದೇವಿ ಸೇರಿದ ಪಂಚಾಯತನ ಪೂಜೆಯೂ ಇರಬಹುದು. ಗಂಟೆ, ಶಂಖದೊಂದಿಗೆ ಆರತಿಯೂ ನಡೆಯಬಹುದು. ಇನ್ನೊಂದು ವ್ಯತ್ಯಾಸ ಗ್ರಂಥಕ್ಕೆ ಹೇಳುವ ಅರ್ಥದಲ್ಲಿ. ಉದಾಸಿಗಳು ಅದನ್ನು ವೇದಾಂತದ ಕಣ್ಣಿನಿಂದ ಓದುತ್ತಾರೆ. ನಾನಕರ ‘ಏಕ ಓಂಕಾರ’ವೂ ಉಪನಿಷತ್ತಿನ ಬ್ರಹ್ಮವೂ ಒಂದೇ, ಜೀವ ಬೇರೆ ದೇವರು ಬೇರೆ ಅನ್ನುವುದು ಅಜ್ಞಾನ, ಅದು ಕಳೆದರೆ ಮುಕ್ತಿ. 1795ರಲ್ಲಿ ಆನಂದಘನ ಎಂಬ ಉದಾಸಿ ಸಾಧು ಜಪುಜಿಗೆ ಹೀಗೇ ಟೀಕೆ, ಅಂದರೆ ವ್ಯಾಖ್ಯಾನ, ಬರೆದರು. ಅದನ್ನು ಓದಿ ಕೆರಳಿದ ಸಂತೋಖ್ ಸಿಂಗ್ ಎಂಬ ಪಂಡಿತರು 1829ರಲ್ಲಿ ಅದರ ಖಂಡನೆಗೆಂದೇ ಇನ್ನೊಂದು ಟೀಕೆ ಬರೆದರು. ತಮಾಷೆ ಅಂದರೆ ಸಂತೋಖ್ ಸಿಂಗರ ಟೀಕೆಯಲ್ಲೂ ವೇದಾಂತವೇ ತುಂಬಿದೆ.

ಶ್ರೀಚಂದರನ್ನು ಭಕ್ತರು ಶಿವನ ಅವತಾರ ಎಂದು ನಂಬುತ್ತಾರೆ. ಅವರ ಜಯಂತಿ ಭಾದ್ರಪದ ಶುದ್ಧ ನವಮಿ. ನಾವು ಗಣಪತಿ ಕೂರಿಸಿ ಐದಾರು ದಿನ ಆಗಿರುತ್ತದೆ, ಅಷ್ಟು ಹೊತ್ತಿಗೆ ಅವರಲ್ಲಿ ಜಯಂತಿಯ ಭಂಡಾರಾ, ಅಂದರೆ ಸಾಮೂಹಿಕ ಊಟ, ಶುರು. ಶ್ರೀಚಂದರ ಹೆಸರಿನ ಪದಗಳಿಗೆ ‘ಮಾತ್ರಾ’ ಎನ್ನುತ್ತಾರೆ. ಸಾಧುಗಳು ದಿನವೂ ಪಠಿಸುವುದು ಇದನ್ನೇ. ಅದು ಶುರುವಾಗುವುದೇ ಪ್ರಶ್ನೆಯಿಂದ: ಹುಡುಗಾ, ನಿನ್ನ ತಲೆ ಬೋಳಿಸಿದವರು ಯಾರು? ಯಾರು ಕಳಿಸಿ ಈ ಊರಿಗೆ ಬಂದೆ? ಸದ್ಗುರು ಬೋಳಿಸಿದ, ಗುರು ಕಳಿಸಿದ, ಬಂದೆ ಎಂದು ಉತ್ತರ. ಮುಂದೆ ಸಾಧುವಿನ ಒಂದೊಂದು ಸಾಮಾನಿಗೂ ಒಂದೊಂದು ಗುಣ. ಸತ್ಯವೇ ಕೊರಳ ದಾರ, ಜ್ಞಾನವೇ ಕೌದಿ, ಕ್ಷಮೆಯೇ ಟೋಪಿ, ಶೀಲವೇ ಲಂಗೋಟಿ. ಅಪ್ಪನ ಜಪುಜಿಯ ಆ ಪದ್ಯವನ್ನು ನೆನಪಿಸಿಕೊಳ್ಳಿ. ಅದೇ ಧಾಟಿ ಅಲ್ವಾ? ಅಪ್ಪ ಗುಣ ಇದ್ದರೆ ವೇಷ ಬೇಡ ಎಂದರು, ಮಗ ವೇಷ ಹಾಕಿಕೊಂಡು ಒಂದೊಂದಕ್ಕೂ ಗುಣದ ಹೆಸರಿಟ್ಟರು. ಜಗಳ ಆಡುವಾಗಲೂ ಮಗ ಅಪ್ಪನ ಮಾತಿನಲ್ಲೇ ಆಡುತ್ತಿದ್ದಾನೆ.

ನೀವು ಒಂದು ವಿಷಯ ಗಮನಿಸಿರಲಿಕ್ಕಿಲ್ಲ. ಉದಾಸಿಗಳ ಪೂಜೆಯಲ್ಲಿ ವಿಶೇಷವಾದದ್ದು ಮೂರ್ತಿಗಿಂತ ‘ಗೋಲಾ ಸಾಹಿಬ್’. ಅದು ಭಸ್ಮದಿಂದ ಕಟ್ಟಿದ ಉಂಡೆ. ಅದಕ್ಕೇ ಪೂಜೆ, ಅದಕ್ಕೇ ನಮಸ್ಕಾರ. ಅಖಾಡದಲ್ಲಿ ಅದರ ಸ್ಥಾನ ತುಂಬ ದೊಡ್ಡದು, ಸಂಚಾರ ಹೊರಟಾಗಲೂ ಗೌರವದಿಂದ ಜೊತೆಗೆ ಒಯ್ಯುತ್ತಾರೆ. ಧೂನಿ ಆರದಂತೆ ನೋಡಿಕೊಳ್ಳುವುದು, ಅದರ ಬೂದಿಯನ್ನು ಹಣೆಗೆ, ಮೈಗೆ ಹಚ್ಚುವುದು, ಬಂದ ಭಕ್ತರಿಗೆ ಚಿಟಿಕೆ ವಿಭೂತಿ ಕೊಡುವುದು, ಇವು ನಾಥಪಂಥದಿಂದಲೂ ಶೈವರಿಂದಲೂ ಇವರಿಗೆ ಬಂದ ರೂಢಿಗಳು. ಪಂಗತ್ತಿನಲ್ಲಿ ಎಲ್ಲರೂ ಕೂತು ಉಣ್ಣುವುದು, ಕೀರ್ತನೆ, ಗುರುಮುಖಿ ಲಿಪಿ, ಇವು ನಾನಕರ ಕಡೆಯಿಂದ ಬಂದವು. ಯಾರೋ ಒಬ್ಬ ಪಂಡಿತ ಕೂತು ಎರಡು ಧರ್ಮ ಬೆರೆಸೋಣ ಎಂದು ಮಾಡಿದ್ದಲ್ಲ ಇದು. ಆ ಕಾಲದ ಪಂಜಾಬಿನ ಸಾಧುವಿನ ಬದುಕು ಹೇಗಿತ್ತೋ ಹಾಗೆ ಬಂತು, ಅಷ್ಟೆ.

ದೀಕ್ಷೆಯ ಕ್ರಮ ನೋಡಿದರೆ ಇನ್ನೂ ಸ್ಪಷ್ಟ. ಗುರುವಿನ ಕಾಲು ತೊಳೆದ ನೀರನ್ನು ಚೇಲಾ ಕುಡಿಯುತ್ತಾನೆ. ಇದಕ್ಕೆ ಚರಣ ಪಾಹುಲ್ ಎನ್ನುತ್ತಾರೆ. ಇದು ಸಿಖ್ಖರಲ್ಲೂ ಇದ್ದ ಪದ್ಧತಿಯೇ. 1699ರಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗ್ ದೀಕ್ಷೆ ಪಡೆದ ಸಿಖ್ಖರ ಸಮುದಾಯವಾದ ಖಾಲ್ಸಾ ಕಟ್ಟಿದಾಗ ಅದನ್ನು ಕೈಬಿಟ್ಟು ಖಡ್ಗದಿಂದ ಕದಡಿದ ಅಮೃತದ ದೀಕ್ಷೆ ತಂದರು. ಉದಾಸಿಗಳು ಹಳೆಯದನ್ನೇ ಇಟ್ಟುಕೊಂಡರು. ಆಮೇಲೆ ಚೇಲಾನಿಗೆ ಮಂತ್ರ, ಹೊಸ ಹೆಸರು, ಕಾವಿ ಬಟ್ಟೆ, ಕಪ್ಪು ಉಣ್ಣೆಯ ‘ಸೇಲಿ’ ಎಂಬ ದಾರ, ಟೋಪಿ. ಹೆಸರಿನ ಕೊನೆಗೆ ಸಾಮಾನ್ಯವಾಗಿ ‘ದಾಸ್’ ಇರುತ್ತದೆ. ಕೂದಲಿಗೆ ಒಂದೇ ನಿಯಮ ಇಲ್ಲ. ಕೆಲವರಿಗೆ ಜಟೆ, ಕೆಲವರದು ಬೋಳುತಲೆ. ಖಾಲ್ಸಾಕ್ಕೆ ಕೂದಲು ಕತ್ತರಿಸುವುದೇ ದೊಡ್ಡ ತಪ್ಪು, ಇಲ್ಲಿ ಅದು ಸಾಧುವಿನ ಇಷ್ಟ.

ನಾಗಾಗಳಾ ಎಂದರೆ, ಶೈವ ನಾಗಾಗಳ ಸಾಲಿಗೆ ಇವರು ಸೇರುವುದಿಲ್ಲ. ಆದರೆ ಲಂಗೋಟಿಯೊಂದನ್ನೇ ಉಟ್ಟು ಮೈತುಂಬ ಭಸ್ಮ ಬಳಿದುಕೊಳ್ಳುವ ಉದಾಸಿಗಳು ಇದ್ದಾರೆ. ಅವರಿಗೆ ‘ನಿರ್ವಾಣ’ ಎನ್ನುತ್ತಾರೆ. ಬಡಾ ಅಖಾಡವನ್ನು 18ನೇ ಶತಮಾನದ ಕೊನೆಯಲ್ಲಿ ಕಟ್ಟಿದವರೂ ಅಂಥವರೇ, ನಿರ್ವಾಣ ಪ್ರೀತಮ್ ದಾಸ್. ಅದುವರೆಗೆ ಕುಂಭಗಳಲ್ಲಿ ಸನ್ಯಾಸಿಗಳ, ಬೈರಾಗಿಗಳ ದಂಡು ಬಲವಾಗಿತ್ತು, ಚದುರಿಹೋದ ಉದಾಸಿಗಳನ್ನು ಕೇಳುವವರಿರಲಿಲ್ಲ. ಪ್ರೀತಮ್ ದಾಸ್ ದಕ್ಷಿಣಕ್ಕೆ, ಹೈದರಾಬಾದಿಗೆ ಬಂದು, ನಿಜಾಮರ ದಿವಾನಗಿರಿಯಲ್ಲಿದ್ದ ಚಂದೂಲಾಲ್ ಮನೆತನದಿಂದ ದೊಡ್ಡ ದೇಣಿಗೆ ಪಡೆದು ಅಖಾಡ ನಿಲ್ಲಿಸಿದರು ಎಂದು ಪರಂಪರೆ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲೇ ಇದ್ದವು ಅನ್ನೋದು ನಿಮಗೆ ಗೊತ್ತೇ ಇದೆ. ಅಮೃತಸರದ ಸರೋವರಕ್ಕೆ ರಾವಿಯ ನೀರು ತರುವ ‘ಹಂಸ್ಲಿ’ ಕಾಲುವೆ ತೋಡಿಸಿದವರಲ್ಲೂ ಇದೇ ಪ್ರೀತಮ್ ದಾಸರ ಹೆಸರಿದೆ. ಸ್ವರ್ಣಮಂದಿರದ ಕೊಳಕ್ಕೆ ನೀರು ತಂದವರು ಉದಾಸಿ ಸಾಧುಗಳು! ಆಮೇಲೆ 19ನೇ ಶತಮಾನದಲ್ಲಿ ಒಳಜಗಳವಾಗಿ ನಯಾ ಅಖಾಡ ಬೇರೆಯಾಯಿತು. ಅದರ ಕೇಂದ್ರ ಹರಿದ್ವಾರದ ಕನಖಲ್, ಬಡಾ ಅಖಾಡದ್ದು ಪ್ರಯಾಗದ ಕೀಡ್‌ಗಂಜ್. ಬಡಾ ಅಖಾಡ ನಡೆಸುವುದು ನಾಲ್ವರು ಮಹಂತರು, ಅಂದರೆ ಮುಖ್ಯಸ್ಥರು, ಸೇರಿ. ಹೆಸರಿನಲ್ಲೇ ‘ಪಂಚಾಯತಿ’ ಇದೆ.

ನಿರ್ಮಲರನ್ನು ಇವರ ಜೊತೆ ಕಲಸಿಕೊಳ್ಳಬೇಡಿ. ಸಂಸ್ಕೃತ ಕಲಿಯಲು ಗುರು ಗೋಬಿಂದರೇ ಐವರನ್ನು ಕಾಶಿಗೆ ಕಳಿಸಿದರು, ಆ ಪರಂಪರೆ ತಮ್ಮದು ಎನ್ನುತ್ತಾರೆ ಅವರು. ಕಾವಿ ಉಡುತ್ತಾರೆ, ವೇದಾಂತ ಓದುತ್ತಾರೆ. ಆದರೆ ಹತ್ತೂ ಗುರುಗಳನ್ನು ಒಪ್ಪುತ್ತಾರೆ, ಕೂದಲೂ ಬಿಡುತ್ತಾರೆ. ಅವರ ಅಖಾಡ 1862ರಲ್ಲಿ ಪಟಿಯಾಲದಲ್ಲಿ ಶುರುವಾಯಿತು.

ಇನ್ನು ಒಡಕಿನ ಕತೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1716ರಲ್ಲಿ ಸಿಖ್ಖರ ದಂಡನಾಯಕ ಬಂದಾ ಬಹಾದ್ದೂರರನ್ನು ದೆಹಲಿಯಲ್ಲಿ ಕೊಂದ ಮೇಲೆ ಮೊಗಲ್ ಸರ್ಕಾರ ಖಾಲ್ಸಾ ಸಿಖ್ಖರ ಬೆನ್ನು ಹತ್ತಿತು. ಉದ್ದ ಕೂದಲು ಕಂಡರೆ ತಲೆ ಹೋಗುತ್ತಿತ್ತು. ಅವರು ಕಾಡು ಸೇರಿದರು. ಗುರುದ್ವಾರಗಳನ್ನು ಯಾರು ನೋಡಿಕೊಳ್ಳಬೇಕು? ಬೋಳುತಲೆಯ ಉದಾಸಿ ಸಾಧುವನ್ನು ಯಾರೂ ಸಿಖ್ ಅಂದುಕೊಳ್ಳುತ್ತಿರಲಿಲ್ಲ. ಹೀಗೆ ಅವರು ದೀಪ ಹಚ್ಚಿಕೊಂಡು, ಗ್ರಂಥ ಓದಿಕೊಂಡು ಆ ಜಾಗಗಳನ್ನು ಉಳಿಸಿದರು. ಸಿಖ್ಖರು ರಾಜ್ಯ ಕಟ್ಟಿದಾಗ ಈ ಉಪಕಾರ ಮರೆಯಲಿಲ್ಲ. ರಣಜಿತ್ ಸಿಂಗರ ಕಾಲದಲ್ಲಿ ಉದಾಸಿ ಡೇರಾಗಳಿಗೆ ಧಾರಾಳವಾಗಿ ದತ್ತಿ ಜಮೀನು ಸಿಕ್ಕಿತು. ಒಟ್ಟು ಕುಟುಂಬದಲ್ಲಿ ಪಾಲಾಗುವವರೆಗೂ ಯಾವ ಕೋಣೆ ಯಾರದ್ದು ಎಂದು ಯಾರೂ ಕೇಳುವುದಿಲ್ಲ, ಹಾಗಿತ್ತು ಆಗಿನ ಬಾಳ್ವೆ.

ಬ್ರಿಟಿಷರು ಬಂದು ಜಮೀನಿನ ದಾಖಲೆ ಮಾಡಿದರು. ಗುರುದ್ವಾರದ ಹೆಸರಿನ ಎಷ್ಟೋ ಜಮೀನು ಮಹಂತರ ಹೆಸರಿಗೆ ಬಂತು. ಕಾಲುವೆ ನೀರಾವರಿಯಿಂದ ಬರಡು ನೆಲಕ್ಕೆ ಚಿನ್ನದ ಬೆಲೆ ಬಂತು. ನಾನಕರು ಹುಟ್ಟಿದ ನನಕಾನಾ ಸಾಹಿಬ್‌ಗೇ ಸಾವಿರಾರು ಎಕರೆ ಇತ್ತು. ಸನ್ಯಾಸಿ ಜಮೀನುದಾರನಾದ. ಕೆಲವು ಮಹಂತರ ನಡತೆ ಜನ ಬಾಯಿಬಿಟ್ಟು ಹೇಳಲಾರದಷ್ಟು ಕೆಟ್ಟಿತು. ಎಲ್ಲರೂ ಹಾಗಿರಲಿಲ್ಲ, ಆದರೆ ಹೆಸರು ಕೆಡಲು ಅಷ್ಟು ಜನ ಸಾಕಾಯಿತು. ಇನ್ನೊಂದು ಕಡೆ 1873ರಲ್ಲಿ ಹುಟ್ಟಿದ ಸಿಂಗ್ ಸಭಾ ಚಳವಳಿ, ಸಿಖ್ ಧರ್ಮ ಹಿಂದೂ ಧರ್ಮದ ಕೊಂಬೆಯಲ್ಲ ಎಂದು ಗಟ್ಟಿಯಾಗಿ ಹೇಳತೊಡಗಿತ್ತು. 1905ರಲ್ಲಿ ಸ್ವರ್ಣಮಂದಿರದ ಪ್ರಾಕಾರದಿಂದ ಮೂರ್ತಿಗಳನ್ನು ತೆಗೆದರು. 1920ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು, ಅಕಾಲಿಗಳು ಎಂಬ ಸಿಖ್ ಸ್ವಯಂಸೇವಕರು ಒಂದೊಂದೇ ಗುರುದ್ವಾರವನ್ನು ಮಹಂತರಿಂದ ಬಿಡಿಸಿಕೊಳ್ಳಲು ಹೊರಟರು.

1921ರ ಫೆಬ್ರವರಿ 20ರ ಬೆಳಿಗ್ಗೆ ನನಕಾನಾದಲ್ಲಿ ನಡೆದದ್ದನ್ನು ಸಿಖ್ಖರು ಇವತ್ತಿಗೂ ಮರೆತಿಲ್ಲ. ಉದಾಸಿ ಮಹಂತ ನಾರಾಯಣ ದಾಸ್ ಮೊದಲೇ ಬಾಡಿಗೆ ಬಂಟರನ್ನು, ಬಂದೂಕುಗಳನ್ನು ಜಮಾಯಿಸಿದ್ದ. ಶಾಂತಿಯಿಂದ ಒಳಗೆ ಬಂದ ಅಕಾಲಿ ಜಾಥಾದ ಮೇಲೆ ಗುಂಡು ಹಾರಿಸಿ, ಕಡಿದು, ಹೆಣಗಳನ್ನು ಸುಟ್ಟರು. ಸತ್ತವರು ನೂರರ ಆಸುಪಾಸು. ಮಾರ್ಚ್ ಮೊದಲ ವಾರ ಗಾಂಧೀಜಿ ಅಲ್ಲಿಗೆ ಹೋದರು. ಮಹಂತನಿಗೆ ಗಲ್ಲು ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ಜೀವಾವಧಿಗೆ ಇಳಿಯಿತು. ಮರುವರ್ಷ ಅಮೃತಸರದ ಹತ್ತಿರದ ಗುರು ಕಾ ಬಾಗ್‌ನಲ್ಲಿ ಇನ್ನೊಂದು ಜಗಳ. ಅಲ್ಲಿಯೂ ಮಹಂತ ಉದಾಸಿಯೇ. ಲಂಗರಿನ ಒಲೆಗೆ ಸೌದೆ ಕಡಿದದ್ದೇ ಕಳ್ಳತನ ಎಂದು ದೂರು. ದಿನವೂ ಬಂದು ಲಾಠಿ ಏಟು ತಿಂದು ಬಿದ್ದರೂ ಕೈ ಎತ್ತದ ಸಿಖ್ಖರ ಸುದ್ದಿ ದೇಶವೆಲ್ಲ ಹರಡಿತು.

1925ರಲ್ಲಿ ಸಿಖ್ ಗುರುದ್ವಾರಗಳ ಕಾಯ್ದೆ ಬಂತು. ಅದರ ಪ್ರಕಾರ ಒಬ್ಬ ವ್ಯಕ್ತಿ ಸಿಖ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ ಅವನು ಹೀಗೆ ಹೇಳಬೇಕು: ನಾನು ಸಿಖ್, ಗುರು ಗ್ರಂಥ ಸಾಹಿಬನ್ನು ನಂಬುತ್ತೇನೆ, ಹತ್ತು ಗುರುಗಳನ್ನು ನಂಬುತ್ತೇನೆ, ನನಗೆ ಬೇರೆ ಧರ್ಮ ಇಲ್ಲ. ಆ ಕೊನೆಯ ನಾಲ್ಕು ಪದ ಉದಾಸಿಯ ಬಾಯಲ್ಲಿ ಬರುವಂಥದ್ದಲ್ಲ. ನಾಲ್ಕುನೂರು ವರ್ಷ ಅದನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಜೊತೆಗೆ ಈಗ ಡೇರಾ ಉಳಿಸಿಕೊಳ್ಳಬೇಕಾದರೆ ‘ಇದು ಸಿಖ್ ಗುರುದ್ವಾರ ಅಲ್ಲ, ನಾವು ಸಿಖ್ಖರಲ್ಲ’ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಯಿತು. ನೂರಾರು ಕೇಸು ನಡೆದವು. ಆ ಕೇಸುಗಳಲ್ಲಿ ಮಹಂತರ ಕಡೆಯ ವಕೀಲರು ಮೂರ್ತಿ, ಸಮಾಧಿ, ಗೋಲಾ ಸಾಹಿಬ್, ಭಸ್ಮ ಎಲ್ಲವನ್ನೂ ಎತ್ತಿ ತೋರಿಸಿದರು. 1984ರಷ್ಟು ತಡವಾಗಿಯೂ ಸುಪ್ರೀಂ ಕೋರ್ಟ್ ಇಂಥ ಒಂದು ಕೇಸು ತೀರ್ಮಾನಿಸಿತು. ಉದಾಸಿಗಳೂ ಗ್ರಂಥ ಸಾಹಿಬ್ ಓದುವವರೇ ಆದ್ದರಿಂದ, ಅದನ್ನು ಓದುತ್ತಾರೆ ಅಂದ ಮಾತ್ರಕ್ಕೆ ಡೇರಾ ಗುರುದ್ವಾರ ಆಗುವುದಿಲ್ಲ ಎಂಬ ವಾದಕ್ಕೆ ಅಲ್ಲಿ ಗೆಲುವಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಇವತ್ತು ನೀವು ಕುಂಭದಲ್ಲಿ ನೋಡಿದ ಗಟ್ಟಿ ಹಿಂದೂ ಗುರುತನ್ನು ಬಿಗಿ ಮಾಡಿದ್ದು ಶಾಸ್ತ್ರಕ್ಕಿಂತ ಹೆಚ್ಚಾಗಿ ಈ ಕೇಸುಗಳು. ಉದಾಸೀನ ಪಂಡಿತರು ಇದನ್ನು ಒಪ್ಪುವುದಿಲ್ಲ. ತಮ್ಮ ಪಂಥ ಬ್ರಹ್ಮನ ಮಾನಸಪುತ್ರ ಸನತ್ಕುಮಾರರಿಂದ ಬಂದದ್ದು, ಶ್ರೀಚಂದರಿಗೆ ದೀಕ್ಷೆ ಕೊಟ್ಟವರು ಅವಿನಾಶಿ ಮುನಿ, ನಾನಕರು ಶ್ರೀಚಂದರ ತಂದೆ ಮಾತ್ರ, ಪಂಥದ ಮೂಲ ಅವರಲ್ಲ ಅನ್ನುತ್ತಾರೆ. ಕಣ್ಣಿಲ್ಲದಿದ್ದರೂ ವೇದ ಬಾಯಿಪಾಠ ಮಾಡಿದ್ದ ಸ್ವಾಮಿ ಗಂಗೇಶ್ವರಾನಂದರಂಥ ದೊಡ್ಡ ವಿದ್ವಾಂಸರು 20ನೇ ಶತಮಾನದಲ್ಲಿ ಈ ಮಾತಿಗೆ ಬಲ ಕೊಟ್ಟರು. ಸಿಖ್ ಕಡೆಯವರು ಇದನ್ನು ಆಮೇಲೆ ಕಟ್ಟಿದ ವಂಶಾವಳಿ ಎನ್ನುತ್ತಾರೆ. ಹಳೆಯ ದಾಖಲೆಗಳು ಹೆಚ್ಚಾಗಿ ಸಿಖ್ಖರ ಮಾತಿನ ಕಡೆಗೇ ವಾಲುತ್ತವೆ. ಆದರೆ ‘ಉದಾಸಿಗಳು ಗುರುದ್ವಾರ ಕಬಳಿಸಿದ ಹೊರಗಿನವರು’ ಎಂದು ಕೆಲವು ಸಿಖ್ ಬರಹಗಾರರು ಹೇಳುವುದೂ ಅನ್ಯಾಯವೇ. ಹೊರಗಿನವರಿಗೆ ಹರಗೋಬಿಂದರು ತಮ್ಮ ಹಿರಿಯ ಮಗನನ್ನು ಕೊಡುತ್ತಿದ್ದರಾ?

ಪಾಲಾಗದೆ ಉಳಿದ ಒಂದು ಕಡೆ ಅಂದರೆ ಸಿಂಧಿಗ­ಳ ಮನೆ. ಸಿಂಧ್‌ನ ಸಕ್ಕರ್ ಊರಿನ ಹತ್ತಿರ ಸಿಂಧೂ ನದಿಯ ನಡುಗಡ್ಡೆಯಲ್ಲಿ 1823ರಲ್ಲಿ ಬಾಬಾ ಬನಖಂಡಿ ಎಂಬ ಉದಾಸಿ ಸಾಧು ‘ಸಾಧ್ ಬೇಲೋ’ ಕಟ್ಟಿದರು. ಸಿಂಧಿ ಹಿಂದೂಗಳಿಗೆ ನಾನಕರು ತಲುಪಿದ್ದರಲ್ಲಿ ಇಂಥ ದರ್ಬಾರುಗಳ ಪಾಲು ದೊಡ್ಡದು. ದೇಶ ವಿಭಜನೆ ಆದಾಗ ಅವರು ತಮ್ಮ ದೇವರು ಝೂಲೇಲಾಲನ ಜೊತೆಗೆ ಗ್ರಂಥ ಸಾಹಿಬನ್ನೂ ಹೊತ್ತು ತಂದರು. ಬೆಂಗಳೂರಿನಲ್ಲೂ ಸಿಂಧಿ ಕುಟುಂಬಗಳಿವೆ. ಪರಿಚಯದವರಿದ್ದರೆ ಕೇಳಿ ನೋಡಿ, ಎರಡನ್ನೂ ಒಂದೇ ಛಾವಣಿಯಡಿ ಇಟ್ಟುಕೊಳ್ಳುವುದು ಅವರಿಗೆ ವಿಶೇಷವೇ ಅಲ್ಲ.

ಕೊನೆಯ ಪ್ರಶ್ನೆ, ಹೋಗಬಹುದಾ? ಧಾರಾಳವಾಗಿ. ಬೀದರಿನದು ಸಿಖ್ ಗುರುದ್ವಾರ, ಅಲ್ಲಿ ನಿಮಗೆ ಇವರ ರೂಢಿಗಳು ಕಾಣುವುದಿಲ್ಲ. ಹರಿದ್ವಾರಕ್ಕೆ ಹೋದರೆ ಕನಖಲ್‌ನಲ್ಲಿ ನಯಾ ಉದಾಸೀನವೂ ಇದೆ, ನಿರ್ಮಲ ಅಖಾಡವೂ ಇದೆ, ಎರಡನ್ನೂ ಒಂದೇ ದಿನ ನೋಡಿ ಹೋಲಿಸಬಹುದು. ನಾಸಿಕ್ ಕುಂಭಕ್ಕೆ ಹೋಗುವುದಾದರೆ ಊರಿನ ರಾಮಕುಂಡದ ಬಳಿ ಉದಾಸಿಗಳನ್ನು ಹುಡುಕಬೇಡಿ. ಅಲ್ಲಿ ವೈಷ್ಣವರ ಸ್ನಾನ. ಇವರು ಶೈವರ ಜೊತೆ ತ್ರ್ಯಂಬಕೇಶ್ವರದಲ್ಲಿರುತ್ತಾರೆ. ನನ್ನನ್ನು ಕೇಳಿದರೆ ಮೊದಲು ಡೆಹ್ರಾಡೂನ್‌ಗೆ ಹೋಗಿ. ಏಳನೇ ಗುರು ಹರರಾಯರ ದೊಡ್ಡ ಮಗ ರಾಮರಾಯರ ದರ್ಬಾರ್ ಅಲ್ಲಿದೆ. ಊರಿಗೆ ಆ ಹೆಸರು ಬಂದದ್ದೇ ಅವರ ಡೇರಾದಿಂದ. ಕಟ್ಟಡ ಮೊಗಲ್ ಶೈಲಿಯದು, ಗೋಡೆ ತುಂಬ ಹಳೆಯ ಚಿತ್ರಗಳಿವೆ, ನಡೆಸುವವರು ಉದಾಸೀನ ಮಹಂತರು. ಹೋಳಿಯಾದ ಐದನೇ ದಿನ ಅಲ್ಲಿ ಝಂಡಾ ಮೇಳ. ದೊಡ್ಡ ಧ್ವಜಸ್ತಂಭ ಇಳಿಸಿ, ತೊಳೆದು, ಹೊಸ ಬಟ್ಟೆ ಹೊದಿಸಿ ಮತ್ತೆ ಏರಿಸುತ್ತಾರೆ. ಪಂಜಾಬ್, ಹರಿಯಾಣದಿಂದ ಜನ ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದಿಳಿಯುತ್ತಾರೆ. ಆ ವಾರ ಹೋಗುವುದಾದರೆ ರೂಮು ಮೊದಲೇ ಬುಕ್ ಮಾಡಿ. ತಲೆಗೆ ಒಂದು ವಸ್ತ್ರ ಇಟ್ಟುಕೊಳ್ಳಿ, ಒಳಗೆ ಫೋಟೊ ತೆಗೆಯುವ ಮುಂಚೆ ಕೇಳಿ. ಊಟಕ್ಕೆ ಕರೆದರೆ ಕೂತು ಉಂಡೇ ಬನ್ನಿ.